ತಲೆಗೆ ಹಚ್ಚಿಕೊಳ್ಳಬೇಡ ಎಂದರೆ ಸಾಲದು: ದಿನನಿತ್ಯದ ಒತ್ತಡವನ್ನು ನಿಭಾಯಿಸುವ ಕ್ರಮ

ಬೆಂಗಳೂರು, ಮೈಸೂರಿನ ಕಡೆ ಅದನ್ನು ಟೆನ್ಷನ್ ಎನ್ನುತ್ತಾರೆ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ತಲೆಬಿಸಿ ಎನ್ನುತ್ತಾರೆ. ಹುಬ್ಬಳ್ಳಿ, ಧಾರವಾಡದ ಕಡೆ ಹೋದರೆ ಅದೇ ತ್ರಾಸ. ಹೆಸರು ಯಾವುದಾದರೂ ಸುತ್ತಲಿನವರು ಕೊಡುವ ಸಲಹೆ ಮಾತ್ರ ಎಲ್ಲೆಡೆ ಒಂದೇ: "ಸುಮ್ಮನೆ ತಲೆಗೆ ಹಚ್ಚಿಕೊಳ್ಳಬೇಡ." ಹೇಳುವವರ ಕಾಳಜಿಯಲ್ಲಿ ದೋಷವಿಲ್ಲ. ಆದರೆ ತಲೆಗೆ ಹಚ್ಚಿಕೊಳ್ಳದೆ ಇರುವುದು ಹೇಗೆ ಎಂಬುದನ್ನು ಅವರು ಹೇಳುವುದಿಲ್ಲ. ಆ ಮಾತು ಕಿವಿಗೆ ಬೀಳುವ ಹೊತ್ತಿಗೆ ಒತ್ತಡವು ತಲೆಯಿಂದ ಇಳಿದು ಭುಜ, ಹೊಟ್ಟೆ, ಎದೆಬಡಿತಗಳನ್ನು ಆಗಲೇ ಹಿಡಿದಿರುತ್ತದೆ. ಆದ್ದರಿಂದ ಒತ್ತಡವನ್ನು ನಿಭಾಯಿಸುವಾಗ ಏನೇನು ಮಾಡಬೇಕು ಎಂಬುದಕ್ಕಿಂತ ಯಾವುದನ್ನು ಮೊದಲು ಮಾಡಬೇಕು ಎಂಬುದೇ ದೊಡ್ಡ ಪ್ರಶ್ನೆ. ಮೊದಲು ದೇಹ, ಆಮೇಲೆ ಕಾಗದ, ಅನಂತರ ಜನ, ಇದು ಈ ಲೇಖನ ಹಿಡಿಯುವ ಕ್ರಮ. ಎದೆ ಡವಗುಟ್ಟುತ್ತಿರುವಾಗಲೇ ಮನೆಯವರೊಡನೆ ಮಾತಿಗೆ ಕುಳಿತವರಿಗೆ ಕ್ರಮ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದೇಹದೊಳಗೆ ನಡೆಯುವುದೇನು

ಅಪಾಯ ಎದುರಾದಾಗ ಪ್ರಾಣಿಯ ದೇಹವು ಹೋರಾಟಕ್ಕೋ ಓಟಕ್ಕೋ ಸಜ್ಜಾಗುತ್ತದೆ ಎಂಬುದನ್ನು ಕಳೆದ ಶತಮಾನದ ಆರಂಭದಲ್ಲಿ ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ವಿವರಿಸಿದರು. 1936ರಲ್ಲಿ ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ, ಚಳಿ, ಗಾಯ, ಅತಿಯಾದ ದಣಿವು ಹೀಗೆ ಕಾರಣಗಳು ಬೇರೆ ಬೇರೆಯಾದರೂ ಇಲಿಗಳ ದೇಹದಲ್ಲಿ ಕಾಣುವ ಪ್ರತಿಕ್ರಿಯೆ ಮಾತ್ರ ಒಂದೇ ಬಗೆಯದು ಎಂದು ತೋರಿಸಿದರು; ಇಂದು ನಾವು ಒತ್ತಡ ಎಂದು ಕರೆಯುವ ಕಲ್ಪನೆ ಬೆಳೆದದ್ದು ಅಲ್ಲಿಂದ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಪುಟ್ಟ ಗ್ರಂಥಿಗಳಿಂದ ಅಡ್ರಿನಲಿನ್ ಎಂಬ ಹಾರ್ಮೋನು ಕೆಲವೇ ಸೆಕೆಂಡುಗಳಲ್ಲಿ ರಕ್ತಕ್ಕೆ ಸೇರುತ್ತದೆ, ಎದೆಬಡಿತ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಜೀರ್ಣಕ್ರಿಯೆ ನಿಧಾನವಾಗುತ್ತದೆ. ಅದರ ಹಿಂದೆಯೇ, ಆದರೆ ಸಾವಕಾಶವಾಗಿ, ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನು ಏರುತ್ತದೆ, ಇಳಿಯುವುದಕ್ಕೂ ಹೊತ್ತು ತೆಗೆದುಕೊಳ್ಳುತ್ತದೆ.

ಇದರಿಂದ ನಮಗೆ ಸಿಗುವ ಮೊದಲ ಪ್ರಾಯೋಗಿಕ ಪಾಠವೆಂದರೆ, ಜಗಳ ಮುಗಿದ ಹತ್ತು ನಿಮಿಷಕ್ಕೇ "ನಾನೀಗ ಸಮಾಧಾನವಾಗಿದ್ದೇನೆ" ಎಂದುಕೊಂಡು ಮೇಲಧಿಕಾರಿಗೆ ಸಂದೇಶ ಕಳುಹಿಸಬಾರದು. ಮನಸ್ಸು ಒಪ್ಪಿದ್ದರೂ ದೇಹ ಇನ್ನೂ ಕುಸ್ತಿಯ ಅಖಾಡದಲ್ಲೇ ಇರುತ್ತದೆ. ಅರ್ಧ ಗಂಟೆ ಬಿಟ್ಟು ಅದೇ ಸಂದೇಶವನ್ನು ಓದಿಕೊಂಡರೆ ಕನಿಷ್ಠ ಒಂದು ವಾಕ್ಯವನ್ನಾದರೂ ಅಳಿಸಬೇಕೆನಿಸುತ್ತದೆ.

ಒತ್ತಡವೆಲ್ಲ ಕೆಟ್ಟದ್ದೂ ಅಲ್ಲ. ಪರೀಕ್ಷೆಯ ಹಿಂದಿನ ದಿನದ ಸಣ್ಣ ಕಳವಳ ಓದಿಗೆ ಕೂರಿಸುತ್ತದೆ. ತೊಂದರೆ ಕೊಡುವುದು ದಿನದಿಂದ ದಿನಕ್ಕೆ ಇಳಿಯದೆ ಉಳಿದುಬಿಡುವ ಒತ್ತಡ.

ಮೊದಲ ಹೆಜ್ಜೆ: ಒಂದು ವಾರದ ಟಿಪ್ಪಣಿ

ಏನನ್ನೂ ಬದಲಿಸುವ ಮೊದಲು ಏಳು ದಿನ ಸುಮ್ಮನೆ ಗಮನಿಸಿ. ಇದಕ್ಕೆ ವಿಶೇಷವಾದ ಆ್ಯಪ್ ಬೇಕಿಲ್ಲ. ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರಿನ ಖಾಲಿ ಜಾಗವಾದರೂ ಸರಿ, ಜೇಬಿನ ಪುಟ್ಟ ಪುಸ್ತಕವಾದರೂ ಸರಿ. ಒತ್ತಡ ಎನಿಸಿದಾಗಲೆಲ್ಲ ಆಗಿನ ಸಮಯ, ಆಗ ನಡೆಯುತ್ತಿದ್ದ ಸಂಗತಿ, ದೇಹದಲ್ಲಿ ಅದು ಕಾಣಿಸಿಕೊಂಡ ಜಾಗ ಇವನ್ನು ಒಂದೇ ಸಾಲಿನಲ್ಲಿ ಬರೆದು, ಪಕ್ಕದಲ್ಲಿ 0ಯಿಂದ 10ರೊಳಗೆ ಒಂದು ಅಂಕ ಹಾಕಿ. "ಬೆಳಿಗ್ಗೆ 7.40, ಮಗನ ಶಾಲೆ ವ್ಯಾನ್ ಹಾರನ್, ಕತ್ತು ಬಿಗಿತ, 7" ಎಂಬಷ್ಟು ಚಿಕ್ಕ ಟಿಪ್ಪಣಿ ಸಾಕು.

ದೇಹದಲ್ಲಿ ಅದು ಒಬ್ಬೊಬ್ಬರಲ್ಲಿ ಒಂದೊಂದು ಕಡೆ ಕಾಣಿಸಿಕೊಳ್ಳುತ್ತದೆ. ಕೆಲವರಿಗೆ ಭುಜ ಕಿವಿಯ ಹತ್ತಿರಕ್ಕೆ ಏರಿರುತ್ತದೆ, ಕೆಲವರಿಗೆ ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸ ಶುರುವಾಗುತ್ತದೆ, ಕೆಲವರಿಗೆ ಹೊಟ್ಟೆಯುಬ್ಬರ, ಕೆಲವರಿಗೆ ಹಸಿವೇ ಇಲ್ಲ, ಇನ್ನು ಕೆಲವರ ಕೈ ಅರಿವಿಲ್ಲದೆ ಚೂಡಾದ ಡಬ್ಬಿಗೆ ಹೋಗುತ್ತದೆ. ನಡವಳಿಕೆಯನ್ನೂ ಗಮನಿಸಬೇಕು. ಅತ್ತೆಯ ಮೇಲಿನ ಕೋಪವನ್ನು ಕೊತ್ತಿಯ ಮೇಲೆ ತೋರಿಸಿದರು ಎಂಬ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ಕಚೇರಿಯಲ್ಲಿ ನುಂಗಿಕೊಂಡ ಮಾತು ಸಂಜೆ ಮನೆಯಲ್ಲಿ ಸಾರಿನ ಉಪ್ಪಿನ ನೆಪದಲ್ಲಿ ಹೊರಬಂದರೆ ಅದನ್ನೂ ಪುಸ್ತಕದಲ್ಲಿ ಬರೆಯಿರಿ.

ವಾರ ಕಳೆದ ಮೇಲೆ ಸಾಲುಗಳನ್ನು ಒಟ್ಟಿಗೆ ಓದಿ ನೋಡಿದರೆ, ನಾವು ಅಪರಾಧಿ ಎಂದುಕೊಂಡದ್ದು ಒಂದು, ನಿಜವಾದ ಅಪರಾಧಿ ಇನ್ನೊಂದು ಎಂಬುದು ಎಷ್ಟೋ ಸಲ ತಿಳಿಯುತ್ತದೆ. ಕೆಲಸವೇ ಸಾಕಾಗಿದೆ ಎಂದು ಹೇಳುತ್ತಿದ್ದವರ ಪುಸ್ತಕದಲ್ಲಿ ಏಳರ ಅಂಕಗಳೆಲ್ಲ ಬೆಳಗಿನ ಏಳರಿಂದ ಎಂಟೂವರೆಯ ನಡುವೆ, ಅಂದರೆ ಕಚೇರಿ ತಲುಪುವ ಮೊದಲೇ ಸಾಲಾಗಿ ನಿಂತಿರಬಹುದು. ಹಾಗಿದ್ದರೆ ಕೆಲಸ ಬಿಡುವ ಯೋಚನೆಗಿಂತ ಹಿಂದಿನ ರಾತ್ರಿಯೇ ತರಕಾರಿ ಹೆಚ್ಚಿಟ್ಟು, ಸಮವಸ್ತ್ರ ಇಸ್ತ್ರಿ ಮಾಡಿಡುವುದು ಹೆಚ್ಚು ಉಪಕಾರಿ.

ಎರಡನೆಯ ಹೆಜ್ಜೆ: ದೇಹದ ಬಿಗಿತ ಇಳಿಸುವುದು

ಅಂಕ ಆರನ್ನು ದಾಟಿದೆ ಎನಿಸಿದಾಗ ಯೋಚನೆ, ಚರ್ಚೆ, ತೀರ್ಮಾನ ಎಲ್ಲವನ್ನೂ ಬದಿಗಿಟ್ಟು ದೇಹದ ಕಡೆ ತಿರುಗಬೇಕು. ಎಲ್ಲಿ ಬೇಕಾದರೂ ಮಾಡಬಹುದಾದ ಸುಲಭ ಸಾಧನ ಉಸಿರು. ನಾವು ಉಸಿರು ಒಳಗೆಳೆದಾಗ ಎದೆಬಡಿತ ತುಸು ಏರುತ್ತದೆ, ಹೊರಬಿಟ್ಟಾಗ ತುಸು ಇಳಿಯುತ್ತದೆ. ಮಿದುಳಿನಿಂದ ಹೃದಯಕ್ಕೆ ಬರುವ ವೇಗಸ್ ಎಂಬ ನರ ಇದನ್ನು ನಡೆಸುತ್ತದೆ. ಆದ್ದರಿಂದ ಹೊರಬಿಡುವ ಉಸಿರನ್ನು ಉದ್ದ ಮಾಡಿದರೆ ಹೃದಯಕ್ಕೆ ನಿಧಾನಿಸಲು ನಾವೇ ಸೂಚನೆ ಕೊಟ್ಟಂತಾಗುತ್ತದೆ. ದೀರ್ಘವಾಗಿ ಉಸಿರೆಳೆದುಕೋ ಎಂದು ಹೇಳುವವರು ಸಾಮಾನ್ಯವಾಗಿ ಈ ಅರ್ಧವನ್ನು ಮರೆಯುತ್ತಾರೆ. ಎಳೆದುಕೊಳ್ಳುವುದಕ್ಕಿಂತ ಬಿಡುವುದೇ ಇಲ್ಲಿ ಮುಖ್ಯ.

ಮಾಡುವ ವಿಧಾನ ಹೀಗೆ. ಬೆನ್ನಿಗೆ ಆಸರೆ ಇರುವಂತೆ ಕುಳಿತು, ಎರಡೂ ಪಾದಗಳನ್ನು ನೆಲಕ್ಕೂರಿ, ಒಂದು ಕೈಯನ್ನು ಹೊಟ್ಟೆಯ ಮೇಲಿಡಿ. ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಉಸಿರೆಳೆದುಕೊಳ್ಳಿ. ಕೈ ಮೇಲೇಳಬೇಕು, ಭುಜ ಏಳಬಾರದು. ಅನಂತರ ಬಿಸಿ ಕಾಫಿಯನ್ನು ಊದಿ ಆರಿಸುವಂತೆ ತುಟಿಯನ್ನು ಕಿರಿದು ಮಾಡಿ ಆರು ಎಣಿಸುವಷ್ಟು ಹೊತ್ತು ಹೊರಬಿಡಿ. ಒಂದು ಸುತ್ತಿಗೆ ಸುಮಾರು ಹತ್ತು ಸೆಕೆಂಡು, ನಿಮಿಷಕ್ಕೆ ಆರು ಉಸಿರು. ಐದು ನಿಮಿಷ ಮಾಡಿದರೆ ಮೂವತ್ತು ಸುತ್ತಾಗುತ್ತದೆ. ಬಸ್ಸಿನಲ್ಲಿ ಕುಳಿತೂ ಮಾಡಬಹುದು, ಸಭೆಯ ನಡುವೆಯೂ ಮಾಡಬಹುದು, ಯಾರಿಗೂ ತಿಳಿಯುವುದಿಲ್ಲ. ತಲೆ ಹಗುರಾಗಿ ಸುತ್ತಿದಂತಾದರೆ ಜೋರಾಗಿ ಉಸಿರಾಡುತ್ತಿದ್ದೀರಿ ಎಂದರ್ಥ. ನಿಲ್ಲಿಸಿ ಸಹಜ ಉಸಿರಿಗೆ ಮರಳಬೇಕು. ಹೃದ್ರೋಗ ಅಥವಾ ಅಧಿಕ ರಕ್ತದೊತ್ತಡ ಇರುವವರು ಮತ್ತು ಗರ್ಭಿಣಿಯರು ಉಸಿರು ಬಿಗಿಹಿಡಿಯುವ ಅಭ್ಯಾಸಗಳನ್ನು ವೈದ್ಯರನ್ನು ಕೇಳದೆ ಮಾಡಬಾರದು, ಮೇಲೆ ಹೇಳಿದ ಕ್ರಮದಲ್ಲಿ ಹಾಗೆ ಹಿಡಿಯುವ ಭಾಗವೇ ಇಲ್ಲ.

ಉಸಿರಿನ ಕಡೆ ಗಮನ ಹರಿಸಿದರೆ ಕಳವಳ ಇಳಿಯುವ ಬದಲು ಏರುವವರೂ ಇದ್ದಾರೆ; ಅದು ಅವರ ತಪ್ಪಲ್ಲ. ಅಂಥವರಿಗೆ ಸ್ನಾಯುಗಳ ದಾರಿ ಒಳ್ಳೆಯದು. ಎಡ್ಮಂಡ್ ಜೇಕಬ್‌ಸನ್ ಎಂಬ ಅಮೆರಿಕದ ವೈದ್ಯರು 1920ರ ದಶಕದಲ್ಲಿ ರೂಪಿಸಿದ ಈ ವಿಧಾನದ ತರ್ಕ ಸರಳ: ಬಿಗಿತವನ್ನು ಬಿಡುವುದು ಗೊತ್ತಾಗದಿದ್ದರೆ ಮೊದಲು ಬೇಕೆಂದೇ ಬಿಗಿ ಮಾಡಿ, ಆಮೇಲೆ ಬಿಡಬೇಕು. ಮುಷ್ಟಿಯನ್ನು ಐದಾರು ಸೆಕೆಂಡು ಗಟ್ಟಿಯಾಗಿ ಹಿಡಿದು ಒಮ್ಮೆಗೇ ಸಡಿಲಿಸಿ, ಅರ್ಧ ನಿಮಿಷ ಆ ವ್ಯತ್ಯಾಸವನ್ನು ಗಮನಿಸಿ. ಹಾಗೆಯೇ ಭುಜ, ದವಡೆ, ಹಣೆ, ಹೊಟ್ಟೆ, ಮೀನಖಂಡ. ನೋವಿರುವ ಜಾಗವನ್ನು ಬಿಟ್ಟುಬಿಡಿ. ಪೂರ್ತಿ ಸುತ್ತಿಗೆ ಕಾಲು ಗಂಟೆ ಬೇಕು. ಹೊತ್ತಿಲ್ಲದಿದ್ದರೆ ಭುಜ ಮತ್ತು ದವಡೆ ಎರಡನ್ನೇ ಮಾಡಿದರೂ ಬಹಳಷ್ಟು ಸಡಿಲವಾಗುತ್ತದೆ.

ಇದೂ ಆಗದಿದ್ದರೆ ಎದ್ದು ಹತ್ತು ನಿಮಿಷ ಬಿರುಸಾಗಿ ನಡೆಯಿರಿ. ಓಡಲು ಸಜ್ಜಾದ ದೇಹಕ್ಕೆ ನಡಿಗೆಯಷ್ಟು ಸಹಜವಾದ ಉತ್ತರ ಇನ್ನೊಂದಿಲ್ಲ.

ಮೂರನೆಯ ಹೆಜ್ಜೆ: ಕಾಗದಕ್ಕೆ ಇಳಿಸುವುದು

ದೇಹದ ಬಿಗಿತ ಒಂದಿಷ್ಟು ಇಳಿದ ಮೇಲೆ ತಲೆಯಲ್ಲಿ ಸುತ್ತುತ್ತಿರುವುದನ್ನೆಲ್ಲ ಕಾಗದದ ಮೇಲೆ ಸುರಿಯಬೇಕು. ದಾವಣಗೆರೆಯ ಪ್ರೌಢಶಾಲೆಯೊಂದರ ಶಿಕ್ಷಕಿಯನ್ನು ಕಲ್ಪಿಸಿಕೊಳ್ಳೋಣ. ಫೆಬ್ರವರಿಯ ಒಂದು ಭಾನುವಾರ ಅವರು ಬರೆದ ಪಟ್ಟಿ ಹೀಗಿದೆ: ಮಗನ ದ್ವಿತೀಯ ಪಿಯುಸಿ ಪರೀಕ್ಷೆ, ಅತ್ತೆಯವರ ಸಕ್ಕರೆ ಕಾಯಿಲೆಯ ಏರುಪೇರು, ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆ ವ್ಯವಸ್ಥೆಯಾದ ಎಸ್‌ಎಟಿಎಸ್‌ನಲ್ಲಿ ತುಂಬಬೇಕಾದ ಅರವತ್ತು ಮಕ್ಕಳ ಮಾಹಿತಿ, ಮನೆಸಾಲದ ಕಂತು, ತಮ್ಮನ ಗೃಹಪ್ರವೇಶಕ್ಕೆ ಉಡುಗೊರೆ, ಕೆಟ್ಟಿರುವ ಮಿಕ್ಸಿ, ಮಳೆ ಕೈಕೊಟ್ಟರೆ ಚನ್ನಗಿರಿ ಕಡೆಯ ಅಡಿಕೆ ತೋಟದ ಗತಿ. ತಲೆಯೊಳಗೆ ಇವು ಏಳೂ ಒಂದೇ ಗಾತ್ರದವು. ರಾತ್ರಿ ಎರಡು ಗಂಟೆಗೆ ಎಚ್ಚರವಾದಾಗ ಮಿಕ್ಸಿ ಕೂಡ ಮಗನ ಭವಿಷ್ಯದಷ್ಟೇ ಭಾರವಾಗಿ ಕಾಣುತ್ತದೆ. ಕಾಗದದ ಮೇಲೆ ಬಂದಾಗ ಅವುಗಳ ಗಾತ್ರ ಬೇರೆ ಬೇರೆಯಾಗುತ್ತದೆ.

ಈಗ ಅವನ್ನು ಮೂರು ಪಾಲು ಮಾಡಬೇಕು: ನಾನೇ ಮಾಡಬಹುದಾದದ್ದು, ಇನ್ನೊಬ್ಬರನ್ನು ಕೇಳಬೇಕಾದದ್ದು, ಯಾರ ಕೈಯಲ್ಲೂ ಇಲ್ಲದ್ದು. ಮಿಕ್ಸಿ, ಉಡುಗೊರೆ, ಎಸ್‌ಎಟಿಎಸ್ ಮೊದಲ ಪಾಲಿಗೆ ಬರುತ್ತವೆ. ಅತ್ತೆಯವರನ್ನು ರಕ್ತಪರೀಕ್ಷೆಗೆ ಕರೆದೊಯ್ಯುವುದು ಅವರ ಮಗನೂ, ಅಂದರೆ ಶಿಕ್ಷಕಿಯ ಗಂಡನೂ, ಮಾಡಬಹುದಾದ ಕೆಲಸ. ಕಂತಿನ ವಿಷಯ ಬ್ಯಾಂಕಿನದು. ಮಳೆ ಮೂರನೆಯ ಪಾಲಿನದು.

ಮಗನ ಪರೀಕ್ಷೆಯಲ್ಲಿ ಮಾತ್ರ ಎಚ್ಚರ ಬೇಕು, ಏಕೆಂದರೆ ಹೆಚ್ಚಿನವರು ಎಡವುವುದು ಅಲ್ಲೇ. ಅವನ ಅಂಕಗಳು ತಾಯಿಯ ಕೈಯಲ್ಲಿಲ್ಲ. ಅವನು ಓದುವ ಹೊತ್ತಿನಲ್ಲಿ ಟಿವಿಯ ಸದ್ದು ಇಳಿಸುವುದು, ರಾತ್ರಿ ಹನ್ನೊಂದಕ್ಕೆ ಮಲಗಲು ಹೇಳುವುದು, ಪಕ್ಕದ ಮನೆಯ ಹುಡುಗಿಯ ಅಂಕವನ್ನು ಎತ್ತದಿರುವುದು ಅವರ ಕೈಯಲ್ಲಿದೆ. ಒಂದೇ ಚಿಂತೆಯನ್ನು ಹೀಗೆ ಕತ್ತರಿಸಿ ಎರಡು ಪಾಲಿನಲ್ಲಿ ಇಡಬೇಕಾಗುತ್ತದೆ.

ಮಾಡಬಹುದಾದ ಪ್ರತಿಯೊಂದನ್ನೂ ಕ್ರಿಯೆಯ ರೂಪದಲ್ಲಿ ಮತ್ತೆ ಬರೆಯಿರಿ. "ಸಾಲ" ಎಂದು ಬರೆದರೆ ಅದು ಚಿಂತೆಯಾಗಿಯೇ ಉಳಿಯುತ್ತದೆ. "ಮಂಗಳವಾರ ಊಟದ ವಿರಾಮದಲ್ಲಿ ಬ್ಯಾಂಕಿಗೆ ಫೋನ್ ಮಾಡಿ, ಸಂಬಳ ಬರುವ ದಿನಕ್ಕೆ ಕಂತಿನ ದಿನಾಂಕ ಹೊಂದಿಸಬಹುದೇ ಎಂದು ಕೇಳುವುದು" ಎಂದರೆ ಅದು ಕೆಲಸ. ಅರವತ್ತು ಮಕ್ಕಳ ಮಾಹಿತಿ ಬೆಟ್ಟದಂತೆ ಕಾಣುತ್ತದೆ, ದಿನಕ್ಕೆ ಹತ್ತರಂತೆ ಆರು ದಿನ ಎಂದಾಗ ಅದಕ್ಕೊಂದು ಕೊನೆ ಕಾಣುತ್ತದೆ.

ಸಮಸ್ಯೆಯ ಮೇಲೆ ಕೆಲಸ ಮಾಡುವುದು ಬೇರೆ, ಸಮಸ್ಯೆ ಎಬ್ಬಿಸಿದ ಭಾವನೆಯನ್ನು ಸಂಭಾಳಿಸುವುದು ಬೇರೆ ಎಂದು ಮನೋವಿಜ್ಞಾನಿಗಳಾದ ರಿಚರ್ಡ್ ಲಾಜರಸ್ ಮತ್ತು ಸೂಸನ್ ಫೋಕ್‌ಮನ್ 1984ರಲ್ಲಿ ಸ್ಪಷ್ಟವಾಗಿ ವಿಂಗಡಿಸಿದರು. ನಮ್ಮ ಪಟ್ಟಿಯ ಮೊದಲ ಎರಡು ಪಾಲಿಗೆ ಮೊದಲನೆಯ ಬಗೆ ಹೊಂದುತ್ತದೆ, ಮೂರನೆಯದಕ್ಕೆ ಎರಡನೆಯದು. ರಿಪೇರಿಗೆ ಕೊಡಬೇಕಾದ ಮಿಕ್ಸಿಯ ಮುಂದೆ ಧ್ಯಾನಕ್ಕೆ ಕೂರುವುದೂ ವ್ಯರ್ಥ, ಮಳೆಯ ಬಗ್ಗೆ ರಾತ್ರಿಯಿಡೀ ಯೋಜನೆ ಹಾಕುವುದೂ ವ್ಯರ್ಥ.

ನಾಲ್ಕನೆಯ ಹೆಜ್ಜೆ: ಚಿಂತೆಗೊಂದು ಹೊತ್ತು

ಹಾಗಾದರೆ ಮೂರನೆಯ ಪಾಲನ್ನು ಏನು ಮಾಡುವುದು? ಮರೆತುಬಿಡು ಎಂದು ಮನಸ್ಸಿಗೆ ಆಜ್ಞೆ ಮಾಡಿದರೆ ಅದು ಇನ್ನಷ್ಟು ನೆನಪಿಸಿಕೊಳ್ಳುತ್ತದೆ. ಅದರ ಬದಲು ಮುಂದೂಡಬಹುದು. ಥಾಮಸ್ ಬೋರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಚಿಂತೆಗೆ ದಿನಕ್ಕೆ ಅರ್ಧ ಗಂಟೆಯನ್ನು, ಒಂದೇ ಹೊತ್ತಿನಲ್ಲಿ, ಒಂದೇ ಜಾಗದಲ್ಲಿ ಮೀಸಲಿಡಲಾಗುತ್ತದೆ. ಸಂಜೆ ಆರೂವರೆಗೆ ಹಿತ್ತಿಲ ಕಟ್ಟೆಯೋ ಮಹಡಿಯ ಮೆಟ್ಟಿಲೋ ಗೊತ್ತುಮಾಡಿಕೊಳ್ಳಿ. ಹಗಲಿನಲ್ಲಿ ಚಿಂತೆ ಬಂದಾಗ ಒಂದು ಪದದಲ್ಲಿ ಬರೆದಿಟ್ಟು, "ಇದಕ್ಕೆ ಆರೂವರೆಗೆ ಸಮಯವಿದೆ" ಎಂದು ಕೈಯಲ್ಲಿದ್ದ ಕೆಲಸಕ್ಕೆ ಮರಳಿ. ಆರೂವರೆಗೆ ಕುಳಿತು, ಚೀಟಿ ತೆರೆದು, ಮನಸಾರೆ ಚಿಂತಿಸಿ, ಏಳಕ್ಕೆ ಏಳಬೇಕು. ಅರ್ಧದಷ್ಟು ಪದಗಳು ಆ ಹೊತ್ತಿಗೆ ಸಪ್ಪೆಯಾಗಿರುವುದನ್ನು ಕಂಡು ನಗು ಬಂದರೂ ಬರಬಹುದು. ಹಾಸಿಗೆಯ ಮೇಲೆ ಮಾತ್ರ ಇದನ್ನು ಮಾಡಬೇಡಿ. ಹಾಸಿಗೆ ಎಂದರೆ ಚಿಂತಿಸುವ ಜಾಗ ಎಂಬ ರೂಢಿ ಒಮ್ಮೆ ಬಿದ್ದರೆ ಬಿಡಿಸುವುದು ಕಷ್ಟ.

ಐದನೆಯ ಹೆಜ್ಜೆ: ಹೇಳುವುದು, ಕೇಳುವುದು, ಒಲ್ಲೆ ಎನ್ನುವುದು

ನಮ್ಮ ಒತ್ತಡದ ದೊಡ್ಡ ಪಾಲು "ನೋಡೋಣ" ಎಂಬ ಒಂದು ಪದದಿಂದ ಬರುತ್ತದೆ ಎಂಬುದು ನನ್ನ ಅನಿಸಿಕೆ. ಆಗುವುದಿಲ್ಲ ಎಂದರೆ ಬೇಸರವಾದೀತು ಎಂಬ ದಾಕ್ಷಿಣ್ಯಕ್ಕೆ ನಾವು ನೋಡೋಣ ಎನ್ನುತ್ತೇವೆ; ಕೇಳಿದವರು ಅದನ್ನು ಒಪ್ಪಿಗೆ ಎಂದು ತಿಳಿಯುತ್ತಾರೆ; ಆ ದಿನ ಬರುವವರೆಗೂ ನಾವು ತಪ್ಪಿತಸ್ಥ ಭಾವವನ್ನೂ, ಅವರು ನಿರೀಕ್ಷೆಯನ್ನೂ ಹೊತ್ತು ತಿರುಗುತ್ತೇವೆ. ಒಲ್ಲೆ ಎನ್ನುವುದಕ್ಕೆ ಒರಟುತನ ಬೇಕಿಲ್ಲ. ಸಂಬಂಧವನ್ನು ಉಳಿಸಿಕೊಂಡು, ಕಾರಣವನ್ನು ಚಿಕ್ಕದಾಗಿ ಹೇಳಿ, ಸಾಧ್ಯವಿರುವುದನ್ನು ಮುಂದಿಡಬಹುದು: "ಅಣ್ಣ, ಈ ಭಾನುವಾರ ಬರುವುದಕ್ಕೆ ಆಗುವುದಿಲ್ಲ, ಮಗನ ಪರೀಕ್ಷೆ ಇದೆ. ಮುಂದಿನ ತಿಂಗಳು ಬಂದು ಒಂದು ದಿನ ಪೂರ್ತಿ ಇರುತ್ತೇನೆ." ಕಾರಣಗಳನ್ನು ಉದ್ದ ಮಾಡಿದಷ್ಟೂ ಎದುರಿನವರು ಒಂದೊಂದಕ್ಕೂ ಪರಿಹಾರ ಹುಡುಕಿಕೊಡುತ್ತಾರೆ, ಕೊನೆಗೆ ನೀವು ಬಸ್ಸು ಹತ್ತಿರುತ್ತೀರಿ.

ಸಹಾಯ ಕೇಳುವುದು ಇನ್ನೂ ಕಷ್ಟ, ಮನೆಯ ಹೆಂಗಸರಿಗಂತೂ ಹೆಚ್ಚು. ಗ್ಯಾಸ್ ಯಾವಾಗ ಮುಗಿಯುತ್ತದೆ, ನಲ್ಲಿಯಲ್ಲಿ ನೀರು ಬರುವ ದಿನ ಯಾವುದು, ಅತ್ತೆಯವರ ಮಾತ್ರೆ ಎಷ್ಟು ಉಳಿದಿದೆ ಎಂಬ ಲೆಕ್ಕಗಳು ಕಣ್ಣಿಗೆ ಕಾಣುವ ಕೆಲಸಗಳಲ್ಲ, ಆದರೆ ದಿನವಿಡೀ ತಲೆಯಲ್ಲಿ ಓಡುವುದು ಅವೇ. "ನೀವು ಏನೂ ಮಾಡುವುದಿಲ್ಲ" ಎಂಬ ಆಕ್ಷೇಪಕ್ಕೆ ಉತ್ತರವಾಗಿ ಬರುವುದು ವಾದ. "ಇನ್ನು ಮೇಲೆ ಅಮ್ಮನ ಮಾತ್ರೆಗಳ ಜವಾಬ್ದಾರಿ ನಿಮ್ಮದು, ತರುವುದೂ ನೆನಪಿಟ್ಟುಕೊಳ್ಳುವುದೂ ಸೇರಿ" ಎಂಬ ಮಾತಿಗೆ ಹೌದು ಅಥವಾ ಇಲ್ಲ ಎನ್ನಲೇಬೇಕಾಗುತ್ತದೆ. ಒಪ್ಪಿಸಿದ ಮೇಲೆ ಪುನಃ ಪುನಃ ಜ್ಞಾಪಿಸಬಾರದು. ನೆನಪಿಟ್ಟುಕೊಳ್ಳುವ ಭಾರವೂ ದಾಟಿದರೆ ಮಾತ್ರ ಕೆಲಸ ನಿಜವಾಗಿ ಕೈ ದಾಟಿದಂತೆ.

ಅಡಿಪಾಯದ ಮಾತು: ನಿದ್ದೆ, ನಡಿಗೆ, ಕಾಫಿ, ಫೋನು

ಇವು ಎಲ್ಲರಿಗೂ ತಿಳಿದಿರುವುದರಿಂದ ಚಿಕ್ಕದಾಗಿ ಹೇಳುತ್ತೇನೆ. ವಯಸ್ಕರಿಗೆ ಕನಿಷ್ಠ ಏಳು ಗಂಟೆಯ ನಿದ್ದೆ ಬೇಕು; ಮಲಗುವ ಹೊತ್ತು ಅತ್ತಿತ್ತ ಆದರೂ ಏಳುವ ಹೊತ್ತನ್ನು ಒಂದೇ ಆಗಿ ಇಟ್ಟುಕೊಂಡರೆ ನಿದ್ದೆ ತಾನಾಗಿ ಸರಿಹೋಗಲು ಅನುಕೂಲ. ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ, ಅಂದರೆ ವಾರಕ್ಕೆ ಐದು ದಿನ ಅರ್ಧ ಗಂಟೆಯ ಬಿರುಸು ನಡಿಗೆಯಿಂದ ಆರಂಭಿಸಬಹುದು.

ಕಾಫಿಯ ವಿಷಯದಲ್ಲಿ ಕನ್ನಡಿಗರಿಗೆ ಬುದ್ಧಿ ಹೇಳುವ ಧೈರ್ಯ ನನಗಿಲ್ಲ, ಲೆಕ್ಕವನ್ನಷ್ಟೇ ಮುಂದಿಡುತ್ತೇನೆ. ಕುಡಿದ ಕೆಫೀನಿನ ಅರ್ಧ ಭಾಗ ದೇಹದಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಸಂಜೆ ಐದರ ಸ್ಟ್ರಾಂಗ್ ಕಾಫಿಯ ಅರ್ಧ ರಾತ್ರಿ ಹತ್ತಕ್ಕೂ ರಕ್ತದಲ್ಲಿರುತ್ತದೆ. ನಾನು ಸಂಜೆಯ ಕಾಫಿಯನ್ನು ಮೂರು ಗಂಟೆಗೆ ಎಳೆದು ತರಲು ಒಂದು ತಿಂಗಳು ಹೆಣಗಿದೆ.

ಸಿಗರೇಟು, ಗುಟ್ಕಾ, ಮದ್ಯ ಮೂರೂ ಒತ್ತಡ ಇಳಿಸುತ್ತವೆ ಎಂಬ ನಂಬಿಕೆಗೆ ಕಾರಣವಿದೆ, ಆದರೆ ಆ ಕಾರಣ ಮೋಸದ್ದು. ನಿಕೋಟಿನ್ ಇಳಿದಾಗ ಹುಟ್ಟುವ ಚಡಪಡಿಕೆಯನ್ನು ಮುಂದಿನ ಸಿಗರೇಟು ತಣಿಸುತ್ತದೆ, ನಾವು ಅದನ್ನೇ ಒತ್ತಡ ಇಳಿಯಿತು ಎಂದುಕೊಳ್ಳುತ್ತೇವೆ. ಮದ್ಯ ನಿದ್ದೆಯನ್ನು ಬೇಗ ತರಿಸಿ ಅರ್ಧರಾತ್ರಿಯ ಮೇಲೆ ಅದನ್ನು ಒಡೆಯುತ್ತದೆ. ಫೋನಿನ ಬಗ್ಗೆ ಒಂದೇ ಮಾತು: ಕಚೇರಿಯ ವಾಟ್ಸ್‌ಆ್ಯಪ್ ಗುಂಪನ್ನು ರಾತ್ರಿ ಒಂಬತ್ತರ ನಂತರ ಮೌನವಾಗಿಸಿ, ತುರ್ತಿದ್ದರೆ ಕರೆ ಮಾಡಲಿ ಎಂದು ಮೊದಲೇ ತಿಳಿಸಿಡಿ.

ಯಾವಾಗ ಇದಿಷ್ಟು ಸಾಲದು

ಎದೆಯಲ್ಲಿ ಭಾರ ಅಥವಾ ಹಿಂಡಿದಂಥ ನೋವು, ಅದು ಎಡಗೈಗೋ ದವಡೆಗೋ ಹರಡುವುದು, ಜೊತೆಗೆ ಬೆವರು, ಇವನ್ನು ಟೆನ್ಷನ್ ಎಂದು ತಳ್ಳಿಹಾಕಿ ಮಜ್ಜಿಗೆ ಕುಡಿದು ಮಲಗಬಾರದು. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಬೇಕು. ಬಹುದಿನಗಳ ಸುಸ್ತು, ಎದೆಬಡಿತ, ಸಿಡುಕುತನಗಳ ಹಿಂದೆ ಥೈರಾಯ್ಡ್ ತೊಂದರೆಯೋ ರಕ್ತಹೀನತೆಯೋ ಇರುವುದುಂಟು. ಸಾಧಾರಣ ರಕ್ತಪರೀಕ್ಷೆಯಲ್ಲಿ ಅದು ತಿಳಿಯುತ್ತದೆ.

ಎರಡು ವಾರಕ್ಕೂ ಹೆಚ್ಚು ಕಾಲ ಮನಸ್ಸು ಕುಗ್ಗಿದ್ದರೆ, ನಿದ್ದೆ ಊಟಗಳು ಕೆಟ್ಟಿದ್ದರೆ, ಇಷ್ಟವಾಗುತ್ತಿದ್ದುದು ಯಾವುದೂ ಬೇಡವೆನಿಸುತ್ತಿದ್ದರೆ ಅದನ್ನು ದಿನನಿತ್ಯದ ಒತ್ತಡ ಎಂದು ಬಿಡದೆ ವೈದ್ಯರಿಗೆ ತೋರಿಸಬೇಕು. ಬದುಕೇ ಬೇಡ ಎಂಬ ಯೋಚನೆ ಒಮ್ಮೆ ಬಂದರೂ ಎರಡು ವಾರ ಕಾಯಬಾರದು. ಆ ಹೊತ್ತಿನಲ್ಲಿ ಒಬ್ಬರೇ ಇರದೆ, ಹತ್ತಿರದವರಿಗೆ ಹೇಳಿ ಕೂಡಲೇ ಸಹಾಯ ಪಡೆಯಬೇಕು. ಫೋನಿನಲ್ಲೇ ಮಾನಸಿಕ ಆರೋಗ್ಯದ ನೆರವು ನೀಡುವ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸೇವೆ 2022ರ ಅಕ್ಟೋಬರ್ 10ರಂದು ಆರಂಭವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಅದರ ಮಾರ್ಗದರ್ಶಕ ಸಂಸ್ಥೆ. 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಪರೀಕ್ಷೆಯ ಭಯವಾದರೂ, ಮನೆಯ ಜಗಳವಾದರೂ, ನಿದ್ದೆ ಬಾರದಿದ್ದರೂ ಕರೆ ಮಾಡಬಹುದು; ಕರೆ ಮಾಡಿದ ಮಾತ್ರಕ್ಕೆ ಮಾತ್ರೆ ನುಂಗಬೇಕೆಂದೇನೂ ಇಲ್ಲ.

ನೇರವಾಗಿ ತೋರಿಸುವುದಾದರೆ ಜಿಲ್ಲಾ ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯ ವಿಭಾಗವಿದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಗೊತ್ತಾದ ಮಂಗಳವಾರಗಳಂದು ಮನೋವೈದ್ಯರು ಬರುತ್ತಾರೆ, ಹೊರಡುವ ಮೊದಲು ದಿನವನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು. ಹೋಗುವಾಗ ಆ ಒಂದು ವಾರದ ಟಿಪ್ಪಣಿ ಪುಸ್ತಕವನ್ನು ಜೊತೆಗೆ ಒಯ್ಯಿರಿ. ವೈದ್ಯರ ಮುಂದೆ ಕುಳಿತಾಗ ಹೇಳಬೇಕೆಂದಿದ್ದುದರಲ್ಲಿ ಅರ್ಧ ಮರೆತುಹೋಗುತ್ತದೆ. ಸಮಯ, ಸಂಗತಿ, ಅಂಕಗಳಿರುವ ಆ ನಾಲ್ಕು ಪುಟ ಓದಿದರೆ ಅವರು ಎಲ್ಲಿಂದ ಕೇಳಬೇಕೋ ಅಲ್ಲಿಂದಲೇ ಕೇಳಲು ಶುರುಮಾಡುತ್ತಾರೆ.